ಬ್ಯೂನಸ್ ಐರಿಸ್‌ನಿಂದ ಮೂವತ್ತನಾಲ್ಕು ಗಂಟೆ

ನನ್ನ ಅಕ್ಕ ಕುಮೋಕ್ ತನ್ನ ಮಗಳನ್ನು ಕೊಟ್ಟದ್ದು ಬ್ಯೂನಸ್ ಐರಿಸ್‌ಗೆ. ಭೂಮಿಯ ಮೇಲೆ ಇಂಚಿಯಾನ್ ಪಕ್ಕದ ನಮ್ಮ ಬುಚೊನ್‌ನಿಂದ ಅದಕ್ಕಿಂತ ದೂರದ ಊರು ಹುಡುಕಿದರೂ ಸಿಗುವುದು ಕಷ್ಟ. ಹತ್ತೊಂಬತ್ತು ಸಾವಿರದ ನಾನೂರು ಕಿಲೋಮೀಟರ್. ಇನ್ನೊಂದಿಷ್ಟು ಆಚೆ ಹೋಗಿದ್ದರೆ ಆ ಕಡೆಯಿಂದ ಹತ್ತಿರ ಬಂದುಬಿಡುತ್ತಿದ್ದಳು ಎಂದು ನಾನು ಅಕ್ಕನನ್ನು ಚುಡಾಯಿಸುತ್ತಿದ್ದೆ. ಅವಳು ನಗುತ್ತಿದ್ದಳು. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಎಂಟು, ಸರಿಯಾಗಿ ಹನ್ನೆರಡು ಗಂಟೆ ಹಿಂದೆ. ಹಾಗಾಗಿ ಮಗಳ ಊರಿನ ಹೊತ್ತು ತಿಳಿಯಲು ಬೇರೆ ಗಡಿಯಾರವೇ ಬೇಡ ಎಂದು ಅವಳಿಗೆ ಒಂದು ಸಮಾಧಾನವಿತ್ತು.

ಮಗಳು ಸನ್‌ಹ್ವಾ. ಗಂಡನ ಜೊತೆ ಅಲ್ಲಿ ಹೆಂಗಸರ ರವಿಕೆ, ಲಂಗ ಹೊಲಿಸಿ ಮಾರುವ ಅಂಗಡಿ ಇಟ್ಟುಕೊಂಡಿದ್ದಾಳೆ. ಮಗ ಇನ್‌ಗ್ಯು, ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಸರಕು ಸಾಗಿಸುವ ಕಂಪನಿಯೊಂದರಲ್ಲಿ ಯಾವ ಲಾರಿ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ತಲುಪಬೇಕು ಎಂದು ಕೂಡಿಸಿ ಕಳೆಯುವುದೇ ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿ ಮಾಡಿ ಮನುಷ್ಯರನ್ನೂ ಲಾರಿಯ ಹಾಗೆಯೇ ನೋಡುತ್ತಾನೆ. ನಾನು ಅವನ ಚಿಕ್ಕಮ್ಮ, ಹೀಗೆ ಹೇಳುವ ಹಕ್ಕು ನನಗಿದೆ. ಅವನ ಅಂಡು ತೊಳೆದ ಕೈ ಇದು.

ಅಕ್ಕ ಭಾನುವಾರ ಬಚ್ಚಲಲ್ಲಿ ಬಿದ್ದಳು. ತಲೆಯೊಳಗೆ ನರ ಒಡೆದಿತ್ತು. ಆಸ್ಪತ್ರೆಯವರು ಗಂಟಲಿಗೆ ನಳಿಗೆ ಇಳಿಸಿ ಯಂತ್ರದಿಂದ ಉಸಿರಾಡಿಸಿದರು. ಸೋಮವಾರ ಡಾಕ್ಟರು ನನ್ನನ್ನೂ ಇನ್‌ಗ್ಯುವನ್ನೂ ಕೂರಿಸಿಕೊಂಡು, ಎಚ್ಚರವಾಗುವ ಮಾತಿಲ್ಲ, ಯಂತ್ರ ಇರುವಷ್ಟು ದಿನ ಇರುತ್ತಾರೆ ಎಂದರು. ಅಕ್ಕ ಮೂರು ವರ್ಷದ ಹಿಂದೆಯೇ, ಕೊನೆಗಾಲದಲ್ಲಿ ಯಂತ್ರ ಹಾಕಿ ನನ್ನನ್ನು ಎಳೆದಾಡಿಸಬೇಡಿ ಎಂದು ಸರ್ಕಾರಿ ಕಾಗದಕ್ಕೆ ಸಹಿ ಹಾಕಿದ್ದಳು. ಆವತ್ತು ನಾನೇ ಜೊತೆಗೆ ಹೋಗಿದ್ದೆ. ಹೊರಗೆ ಬಂದು ನೂಡಲ್ ತಿನ್ನುತ್ತಾ, "ಸನ್‌ಹ್ವಾ ಬಂದು ಮುಖ ನೋಡೋವರೆಗೆ ಮಾತ್ರ ಇಟ್ಕೊಳ್ಳಿ, ಆಮೇಲೆ ಕಿತ್ತು ಹಾಕಿ" ಅಂದಿದ್ದಳು. ಕಾಗದದಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಸೋಮವಾರ ರಾತ್ರಿ ಎಂಟಕ್ಕೆ ಇನ್‌ಗ್ಯು ತಂಗಿಗೆ ಫೋನ್ ಮಾಡಿದ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದ. ಸನ್‌ಹ್ವಾ ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ವ್ಯವಹಾರದ ಹೆಂಗಸಿನ ಹಾಗೆ ಮಾತಾಡಿದಳು.

"ಇವತ್ತಿನ ವಿಮಾನ ತುಂಬಿಹೋಗಿದೆ ಅಣ್ಣ. ನಾಳೆ ಸಂಜೆ ಐದಕ್ಕೆ ಸಿಕ್ತು. ರಿಯೊ, ದುಬೈ, ಆಮೇಲೆ ಇಂಚಿಯಾನ್."

"ಒಟ್ಟು ಎಷ್ಟು ಗಂಟೆ?"

"ಮೂವತ್ತನಾಲ್ಕು. ಗುರುವಾರ ಮಧ್ಯಾಹ್ನ ಮೂರಕ್ಕೆ ಇಳೀತೀನಿ, ನಿಮ್ಮ ಹೊತ್ತಲ್ಲಿ."

"ರಿಯೊದಲ್ಲಿ ತಡ ಆದ್ರೆ?"

"ದುಬೈಯಲ್ಲಿ ನಾಲ್ಕು ಗಂಟೆ ಕೂರ್ಬೇಕು, ಅಲ್ಲಿ ಸರಿಹೋಗುತ್ತೆ. ಮೂರಕ್ಕಿಂತ ಆಚೀಚೆ ಆಗಲ್ಲ." ಆಮೇಲೆ, "ಗುರುವಾರದವರೆಗೆ ಇಟ್ಕೋ ಅಣ್ಣ. ಬೇರೇನೂ ಕೇಳಲ್ಲ ನಾನು" ಅಂದಳು.

ಅವನು "ಸರಿ" ಅಂದ. ಆಸ್ಪತ್ರೆಯ ಊಟದ ಚೀಟಿಯ ಹಿಂದೆ ಎಲ್ಲವನ್ನೂ ಬರೆದುಕೊಂಡ: ಮಂಗಳವಾರ ಐದು, ಮೂವತ್ತನಾಲ್ಕು ಗಂಟೆ, ಗುರುವಾರ ಮೂರು. ಮೂರರ ಕೆಳಗೆ ಎರಡು ಗೆರೆ ಎಳೆದ. ನನಗೆ ಎಷ್ಟು ಖುಷಿಯಾಯಿತು ಎಂದರೆ, ಅವನ ಬೆನ್ನು ಸವರಿದೆ. ಹದಿನಾಲ್ಕು ವರ್ಷದಿಂದ ತಂಗಿಯ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದವನು ಇಷ್ಟು ವಿಚಾರಿಸಿದನಲ್ಲ ಎಂದು. ನನ್ನಂಥ ಪೆದ್ದಿ ಬುಚೊನ್‌ನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಅವರಪ್ಪ ತೀರಿಕೊಂಡಾಗ ಸನ್‌ಹ್ವಾ ಬರುತ್ತೇನೆ ಅಂದಿದ್ದಳು. ನಮ್ಮಲ್ಲಿ ಹೆಣ ಎತ್ತುವುದು ಮೂರನೆಯ ದಿನ. ತಂಗಿಗೋಸ್ಕರ ಇನ್‌ಗ್ಯು ಅದನ್ನು ಐದು ದಿನಕ್ಕೆ ಎಳೆದ. ಮನೆ ಮಗನ ತೋಳುಪಟ್ಟಿ ಕಟ್ಟಿಕೊಂಡು ಐದು ದಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬಗ್ಗಿ ನಮಸ್ಕಾರ ಮಾಡಿದ. ಬಂದವರೆಲ್ಲ ಖಾರದ ದನದ ಸಾರು ಉಣ್ಣುತ್ತಾ ತಂಗಿ ಬಂದಳಾ ಎಂದು ಕೇಳಿದರು. ದಾರಿಯಲ್ಲಿದ್ದಾಳೆ ಎಂದು ಅವನು ಎಲ್ಲರಿಗೂ ಹೇಳಿದ. ಅವಳು ಬರಲಿಲ್ಲ. ಅಂಗಡಿಯಲ್ಲಿ ತೊಂದರೆ, ಬರಲಾಗಲಿಲ್ಲ ಎಂದು ಅಕ್ಕ ಮಗನಿಗೆ ಹೇಳಿದಳು. ದೊಡ್ಡಪ್ಪನ ಮಕ್ಕಳು ಅವನ ಮುಖಕ್ಕೇ ನಕ್ಕರು.

ಅಂಗಡಿಯ ತೊಂದರೆ ಸುಳ್ಳು. ಆ ವಾರ ಸನ್‌ಹ್ವಾಗೆ ಏಳು ತಿಂಗಳಾಗಿತ್ತು. ವಿಮಾನ ನಿಲ್ದಾಣಕ್ಕೆ ಹೊರಟ ಕಾರಿನಲ್ಲೇ ರಕ್ತ ಹೋಗಿ, ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಗ ಇನ್‌ಗ್ಯುವಿನ ಹೆಂಡತಿಗೂ ದಿನ ತುಂಬುತ್ತಿತ್ತು. ಬಸುರಿಯ ಕಿವಿಗೆ ಇಂಥ ಸುದ್ದಿ ಬೀಳಬಾರದು ಎಂದು ಅಕ್ಕ ಮುಚ್ಚಿಟ್ಟಳು, ನನ್ನಿಂದಲೂ ಮಾತು ತೆಗೆದುಕೊಂಡಳು. ಹೆರಿಗೆಯಾದ ಮೇಲೆ ಹೇಳೋಣ ಅಂದಳು. ಹೆರಿಗೆಯಾಯಿತು, ಮಗು ನಡೆಯಿತು, ಶಾಲೆಗೆ ಹೋಯಿತು. ನಾವು ಹೇಳಲೇ ಇಲ್ಲ.

ಮಂಗಳವಾರ ಮಧ್ಯಾಹ್ನ ಇನ್‌ಗ್ಯು ಡಾಕ್ಟರ ಹತ್ತಿರ ಹೋದ. ನಳಿಗೆ ಇವತ್ತೇ ತೆಗೆಯಿರಿ ಅಂದ. ಅಷ್ಟು ಆತುರ ಬೇಡ, ಎರಡು ದಿನ ನೋಡಬಹುದು, ದೂರದಿಂದ ಬರುವವರು ಯಾರಾದರೂ ಇದ್ದರೆ ಕಾಯೋಣ ಎಂದು ಡಾಕ್ಟರೇ ಹೇಳಿದರು. ಇವನು ಅಕ್ಕನ ಸಹಿಯ ಕಾಗದ ಮೇಜಿನ ಮೇಲಿಟ್ಟ. "ನಮ್ಮಮ್ಮ ಒಂದು ದಿನಾನೂ ಬೇಡ ಅಂದಿದ್ರು. ಬರೋರು ಯಾರೂ ಇಲ್ಲ" ಅಂದ. ಇದನ್ನು ನರ್ಸ್ ನನಗೆ ಆಮೇಲೆ ಹೇಳಿದಳು. ನಾನು ನನ್ನ ಪುಟ್ಟ ಅಂಗಡಿ ಮುಚ್ಚಿ ಆರು ಗಂಟೆಗೆ ಬರುವಷ್ಟರಲ್ಲಿ ನಳಿಗೆ ತೆಗೆದು, ಅಕ್ಕನನ್ನು ಕಡೆಯ ಹೊತ್ತಿನವರಿಗೆಂದು ಇಟ್ಟಿರುವ ಸಣ್ಣ ಕೋಣೆಗೆ ತಂದು ಮಲಗಿಸಿದ್ದರು.

"ಗುರುವಾರದವರೆಗೆ ಅಂದಿದ್ಯಲ್ಲೋ" ಅಂದೆ.

"ನಾನು ಸರಿ ಅಂದೆ. ಇಟ್ಕೋತೀನಿ ಅಂದ್ನಾ?"

ಒಂದು ಗಂಟೆ, ಹೆಚ್ಚೆಂದರೆ ಎರಡು ಎಂದು ಡಾಕ್ಟರು ಹೇಳಿದ್ದರಂತೆ. ಏಳಾಯಿತು, ಎಂಟಾಯಿತು, ಅಕ್ಕ ಉಸಿರಾಡುತ್ತಲೇ ಇದ್ದಳು. ಅವಳು ಹುಟ್ಟಾ ಮೊಂಡಿ. ಬಾಯಿ ತೆರೆದಿತ್ತು, ಪ್ರತಿ ಉಸಿರಿಗೂ ಗಂಟಲಲ್ಲಿ ಗೊರಗೊರ ಸದ್ದು. ಇನ್‌ಗ್ಯು ಮೂಲೆಯ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಹೊತ್ತು ನೋಡುತ್ತಿದ್ದ. ಒಂಬತ್ತಕ್ಕೆ ಅವನು ಹೊರಗೆ ಹೋಗಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಶವಸಂಸ್ಕಾರದ ಮನೆಯವರ ಜೊತೆ ಮೊಗಸಾಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದ. ಬಾಗಿಲು ಅರ್ಧ ತೆರೆದಿತ್ತು.

"ಇಲ್ಲ, ಇನ್ನೂ ಆಗಿಲ್ಲ. ಹನ್ನೆರಡರ ಒಳಗೆ ಆದ್ರೆ ಇವತ್ತೇ ಮೊದಲನೇ ದಿನ ಅಲ್ವಾ? ಹಾಂ. ಹಾಗಾದ್ರೆ ಗುರುವಾರ ಬೆಳಿಗ್ಗೆ ಏಳಕ್ಕೆ ಎತ್ತಿಬಿಡೋಣ. ಸುಡೋಕೆ ಹತ್ತು ಗಂಟೆಗೆ ಹಿಡಿದಿಡಿ. ಹನ್ನೆರಡು ದಾಟಿದ್ರೆ ಶುಕ್ರವಾರ ಆಗ್ಬಿಡುತ್ತೆ, ಅದು ಬೇಡ."

ಆಗ ನನಗೆ ತಲೆಗೆ ಹತ್ತಿತು. ನಮ್ಮ ಲೆಕ್ಕದಲ್ಲಿ ಸತ್ತ ದಿನವೇ ಒಂದು. ರಾತ್ರಿ ಹನ್ನೊಂದೂವರೆಗೆ ಸತ್ತರೂ ಆ ಅರ್ಧ ಗಂಟೆಯೇ ಒಂದು ಪೂರ್ತಿ ದಿನ. ಅಕ್ಕ ಹನ್ನೆರಡರೊಳಗೆ ಹೋದರೆ ಗುರುವಾರ ಬೆಳಿಗ್ಗೆ ಬೂದಿ, ಮಗಳು ಮಧ್ಯಾಹ್ನ ಮೂರಕ್ಕೆ ಬಂದು ಬರಿಗೈಯಲ್ಲಿ ನಿಲ್ಲುತ್ತಾಳೆ. ಹನ್ನೆರಡು ದಾಟಿದ ಮೇಲೆ ಹೋದರೆ ಹೆಣ ಎತ್ತುವುದು ಶುಕ್ರವಾರ, ಮಗಳಿಗೆ ಪೂರ್ತಿ ಒಂದು ರಾತ್ರಿ ಸಿಗುತ್ತದೆ, ಪೆಟ್ಟಿಗೆಗೆ ಇಡುವ ಮೊದಲು ಮುಖ ಮುಟ್ಟುವುದಕ್ಕೂ ಸಿಗುತ್ತದೆ. ಇವನು ಚೀಟಿಯ ಹಿಂದೆ ಬರೆದುಕೊಂಡ ಮೂವತ್ತನಾಲ್ಕು ಗಂಟೆಯಿಂದ ಹಿಂದಕ್ಕೆ ಎಣಿಸಿ ತಾಯಿಯ ಸಾವಿಗೆ ಹೊತ್ತು ಗೊತ್ತುಮಾಡಿದ್ದ.

ನಾನು ಅಕ್ಕನ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿದೆ. "ಹನ್ನೆರಡರವರೆಗೆ ತಡ್ಕೋ ಕಣೇ. ನಿನ್ನ ಮಗಳು ಹೊರಡ್ತಿದ್ದಾಳೆ. ಹನ್ನೆರಡು ಹೊಡೀಲಿ, ಆಮೇಲೆ ನಿನ್ನಿಷ್ಟ" ಅಂದೆ. ಸಾಯುತ್ತಿರುವ ಹೆಂಗಸನ್ನು ಹೀಗೆ ದುಡಿಸಿದೆನಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ. ಆದರೆ ಅವಳು ಕೇಳಿಸಿಕೊಂಡಳು ಎಂದೇ ನನ್ನ ನಂಬಿಕೆ, ಯಾಕೆಂದರೆ ಉಸಿರು ಸ್ವಲ್ಪ ಹೊತ್ತು ಗಟ್ಟಿಯಾಯಿತು.

ಹತ್ತೂವರೆಗೆ ನಾನು ಮಾತು ಮುರಿದೆ. ಹದಿನಾಲ್ಕು ವರ್ಷ ನುಂಗಿಕೊಂಡಿದ್ದನ್ನು ಇನ್‌ಗ್ಯುವಿಗೆ ಹೇಳಿದೆ: ಕಾರು, ರಕ್ತ, ಏಳು ತಿಂಗಳ ಗಂಡು ಮಗು, ಅವನ ಹೆಂಡತಿಗೋಸ್ಕರ ಅವರಮ್ಮ ಮುಚ್ಚಿಟ್ಟದ್ದು. ಅವನು ಕೇಳಿದ. ಮುಖ ಒಂದು ಸಲ ಕೆಂಪಾಗಿ ಮತ್ತೆ ಬಿಳಿಚಿತು. ಅವನು ಎದ್ದು ಬಂದು ತಾಯಿಯ ಕಾಲು ಹಿಡಿದುಕೊಳ್ಳುತ್ತಾನೆ ಅಂದುಕೊಂಡೆ.

"ಆಗ ಹೇಳ್ಬೇಕಿತ್ತು ನೀವು" ಅಂದ. "ಐದು ದಿನ ನಿಂತಿದ್ದೆ ನಾನು. ನನ್ನೆದುರಿಗೇ ನೀವಿಬ್ಬರೂ ಸಾರು ಬಡಿಸ್ತಾ ಓಡಾಡ್ತಿದ್ರಿ. ಗೊತ್ತಿದ್ದೂ ಓಡಾಡ್ತಿದ್ರಿ."

"ತಪ್ಪಾಯ್ತು. ಅದಕ್ಕೆ ಅವಳಿಗ್ಯಾಕೆ ಶಿಕ್ಷೆ? ಅವಳು ಮಗು ಕಳ್ಕೊಂಡವಳು."

"ಕಳ್ಕೊಂಡ್ಲು. ಆಮೇಲೆ ಹದಿನಾಲ್ಕು ವರ್ಷ ಇತ್ತಲ್ಲ ಚಿಕ್ಕಮ್ಮ. ವಿಮಾನ ನಿಂತು ಹೋಗಿತ್ತಾ? ಅಪ್ಪನ ವರ್ಷಾಬ್ದಿಗೆ ಒಂದು ಸಲ ಬಂದ್ಲಾ? ಇವಳೂ ಅಷ್ಟೇ." ತಾಯಿಯ ಕಡೆ ಗಲ್ಲ ತೋರಿಸಿದ. "ಪ್ರತಿ ಭಾನುವಾರ ನಾನು ಔಷಧಿ ತಂದುಕೊಟ್ಟು, ಒಲೆ ರಿಪೇರಿ ಮಾಡಿ, ಪಕ್ಕದಲ್ಲಿ ಕೂತಿದ್ರೂ ಅಲ್ಲಿ ಈಗೆಷ್ಟು ಗಂಟೆ, ಅವಳು ಉಂಡ್ಲೋ ಇಲ್ವೋ ಅಂತ. ಒಂದು ಸಲ ನೀನು ಉಂಡ್ಯಾ ಅಂತ ಕೇಳ್ಲಿಲ್ಲ. ಈಗ್ಲೂ ಯಾರಿಗೋಸ್ಕರ ಎಳೀತಿದ್ದಾಳೆ ನೋಡಿ."

ಅವನು ಹೇಳಿದ್ದರಲ್ಲಿ ನಿಜವಿತ್ತು. ನಿಜ ಇದ್ದವನ ಕೈಯಲ್ಲಿ ಇಂಥ ಕೆಲಸ ಎಷ್ಟು ಸಲೀಸು ಎಂದು ಆವತ್ತು ನೋಡಿದೆ.

ಹನ್ನೊಂದೂಕಾಲಿಗೆ ಉಸಿರು ಬಿಟ್ಟು ಬಿಟ್ಟು ಬರತೊಡಗಿತು. ಒಂದು ಬಂದ ಮೇಲೆ ನಾನು ಎಣಿಸುತ್ತಿದ್ದೆ. ಹತ್ತು, ಹದಿನೈದು, ಇಪ್ಪತ್ತು. ಮತ್ತೊಂದು ಬರುತ್ತಿತ್ತು. ಹನ್ನೊಂದು ಮೂವತ್ತೈದರ ಸುಮಾರಿಗೆ ಒಂದು ಬಂತು. ನಾನು ನೂರರವರೆಗೆ ಎಣಿಸಿದೆ, ಇನ್ನೊಂದು ಬರಲಿಲ್ಲ. ಇನ್‌ಗ್ಯು ಅಷ್ಟರಲ್ಲಿ ಕರೆಗಂಟೆಯ ಗುಂಡಿ ಒತ್ತಿದ್ದ.

ಬಂದ ಡಾಕ್ಟರು ಇನ್ನೂ ಎಳೆಯ ಮುಖದವನು. ಅವನು ನೋಡಿ ಹೇಳಿದ ಹೊತ್ತೇ ಸತ್ತ ಹೊತ್ತು ಎಂದು ಕಾಗದಕ್ಕೆ ಬರುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಡಾಕ್ಟ್ರೇ, ನಿಮಗೆ ಸುಸ್ತಾಗಿದೆ. ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಇಪ್ಪತ್ತೇ ಇಪ್ಪತ್ತು ನಿಮಿಷ. ಇವಳೆಲ್ಲಿ ಓಡಿ ಹೋಗ್ತಾಳೆ."

ಅವನು ನನ್ನ ಮುಖ ನೋಡಿದ. ಅರ್ಥವಾಯಿತೋ ಏನೋ, ಒಂದು ಹೆಜ್ಜೆ ಹಿಂದೆ ಇಟ್ಟ. ನಿಜವಾಗಿಯೂ ಇಟ್ಟ.

"ಅಮ್ಮನ್ನ ನೋಡಿ ಡಾಕ್ಟ್ರೇ" ಅಂದ ಇನ್‌ಗ್ಯು, ಗೌರವದ ದನಿಯಲ್ಲಿ. "ನೋಡಿ ಹೊತ್ತು ಹೇಳಿ. ತಡ ಮಾಡಿದ್ರೆ ನಾಳೆ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ."

ಡಾಕ್ಟರ್ ನೋಡಿದ. ಹನ್ನೊಂದು ನಲವತ್ತು ಅಂದ. ಇನ್‌ಗ್ಯು ಬಗ್ಗಿ ನಮಸ್ಕಾರ ಮಾಡಿ, ಅಮ್ಮನ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿದ, ಕೂದಲು ಸರಿಮಾಡಿದ. ಅದನ್ನೂ ಮಾಡಿದ. ಆಮೇಲೆ ಗೋಡೆಗೆ ಹಣೆ ಹಚ್ಚಿ ಅತ್ತ. ಅವನ ಅಳು ಸುಳ್ಳಲ್ಲ, ಅದಕ್ಕೇ ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು.

ಸನ್‌ಹ್ವಾಗೆ ನಾನೇ ಫೋನ್ ಮಾಡಿದೆ. ಅಲ್ಲಿ ಇನ್ನೂ ಮಂಗಳವಾರದ ನಡುಹಗಲು. ಚೀಲ ಕಟ್ಟುತ್ತಿದ್ದಳು. ಅಮ್ಮ ಹೋದಳು ಅಂದೆ. ಹಿಂದೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಮುಖ ನೋಡೋಕೆ ಸಿಗುತ್ತೆ ಅಲ್ವಾ ಚಿಕ್ಕಮ್ಮ?" ಅಂದಳು. "ಮೂರು ದಿನ ಇರುತ್ತೆ. ಮೂರು ದಿನ ಅಂದ್ರೆ ಎಪ್ಪತ್ತೆರಡು ಗಂಟೆ. ನನಗೆ ಬೇಕಿರೋದು ನಲವತ್ತು. ಸಾಕಷ್ಟು ಹೊತ್ತಿದೆ."

ಇಪ್ಪತ್ತು ವರ್ಷ ಆ ದೇಶದಲ್ಲಿದ್ದು ನಮ್ಮ ಎಣಿಕೆ ಅವಳಿಗೆ ಮರೆತುಹೋಗಿತ್ತು. ಅಲ್ಲಿ ಒಂದು ದಿನ ಅಂದರೆ ಇಪ್ಪತ್ತನಾಲ್ಕು ಗಂಟೆಯಂತೆ. ಇಲ್ಲಿ ಇಪ್ಪತ್ತು ನಿಮಿಷವೂ ಒಂದು ದಿನ ಎಂದು ನಾನು ತಿದ್ದಬೇಕಿತ್ತು. "ಬಾ ಮಗಳೇ" ಅಂದೆ. ಬೆಳಗಾಗುವುದರೊಳಗೆ ಇನ್‌ಗ್ಯುವಿನ ಮನಸ್ಸು ತಿರುಗಿಸುತ್ತೇನೆ ಎಂಬ ಹಮ್ಮಿತ್ತು ನನಗೆ.

ಬುಧವಾರ ಪೂರ್ತಿ ಅವನ ಹಿಂದೆ ಬಿದ್ದೆ. ಒಂದು ದಿನ ಹೆಚ್ಚು ಇಟ್ಟುಕೋ ಎಂದು ಕೇಳಿದೆ. "ನಾಲ್ಕು ದಿನ ಯಾರು ಮಾಡ್ತಾರೆ? ಸಮಸಂಖ್ಯೆ ಬರಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು" ಅಂದ. ಹಾಗಾದರೆ ಐದು ಮಾಡು ಅಂದೆ. "ಅಪ್ಪನಿಗೆ ಐದು ಮಾಡಿದ್ದೆ. ಯಾರಿಗೋಸ್ಕರ ಮಾಡಿದ್ದೆ, ನೆನಪಿದ್ಯಾ?" ಅಂದ. ಸಂಬಂಧಿಕರೆಲ್ಲ ಅವನ ಕಡೆ. ಎಂಥ ಮಗ, ಎಷ್ಟು ಅಚ್ಚುಕಟ್ಟು, ಎಲ್ಲ ಶಾಸ್ತ್ರದ ಪ್ರಕಾರ ಎಂದು ಸಾರಿಗೆ ಅನ್ನ ಕಲಸುತ್ತಾ ಹೊಗಳಿದರು. ಸಂಜೆ ನಾಲ್ಕಕ್ಕೆ ಅಕ್ಕನಿಗೆ ಸೆಣಬಿನ ಬಟ್ಟೆ ಸುತ್ತಿ, ಮುಖ ಮುಚ್ಚಿ, ಪೆಟ್ಟಿಗೆಗೆ ಇಟ್ಟರು. ಮಗಳು ಮುಟ್ಟಬೇಕಾದ ಕೆನ್ನೆಯನ್ನು ನಾನು ಮುಟ್ಟಿದೆ. ಕಲ್ಲಿನಷ್ಟು ತಣ್ಣಗಿತ್ತು.

ದುಬೈಯಿಂದ ಸನ್‌ಹ್ವಾ ಫೋನ್ ಮಾಡಿದಳು. "ಇನ್ನೂ ಪೆಟ್ಟಿಗೆಗೆ ಇಟ್ಟಿಲ್ಲ ಅಲ್ವಾ? ನಾನು ಬರೋವರೆಗೆ ಮುಖ ಮುಚ್ಚಬೇಡಿ ಅಂತ ಹೇಳು." ನಾನು ಆಯಿತು, ಹೇಳುತ್ತೇನೆ ಅಂದೆ. ಇನ್ನೂ ಒಂಬತ್ತು ಗಂಟೆ ಆಕಾಶದಲ್ಲಿ ಒಬ್ಬಳೇ ಕೂರಬೇಕಾದವಳಿಗೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಕರುಣೆ ಅಂದುಕೊಂಡಿದ್ದೆ ಅದನ್ನು. ಅದು ಹೇಡಿತನ.

ಗುರುವಾರ ಏಳಕ್ಕೆ ಎತ್ತಿದರು. ಹತ್ತಕ್ಕೆ ಒಲೆಯೊಳಗೆ ತಳ್ಳಿದರು. ಹನ್ನೆರಡಕ್ಕೆ ಬೂದಿಯನ್ನು ಬಿಳಿ ಜಾಡಿಗೆ ತುಂಬಿಸಿ ಇನ್‌ಗ್ಯು ಎದೆಗವಚಿಕೊಂಡ. ನಾನು ಅಲ್ಲಿಂದಲೇ ಬಸ್ಸು ಹತ್ತಿ ಇಂಚಿಯಾನ್ ವಿಮಾನ ನಿಲ್ದಾಣಕ್ಕೆ ಹೋದೆ.

ವಿಮಾನ ಮೂರು ಹತ್ತಕ್ಕೆ ಇಳಿಯಿತು. ನಾಲ್ಕಕ್ಕೆ ಮೊದಲೇ ಸನ್‌ಹ್ವಾ ಹೊರಗೆ ಬಂದಳು. ಮೈಮೇಲೆ ಆಗಲೇ ಕಪ್ಪು ಬಟ್ಟೆ. ಇಳಿದ ಮೇಲೆ ಹೊತ್ತು ಹಾಳಾಗಬಾರದೆಂದು ವಿಮಾನದ ಕಕ್ಕಸಿನಲ್ಲೇ ಬದಲಾಯಿಸಿಕೊಂಡಿದ್ದಳು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. "ಟ್ಯಾಕ್ಸಿ ಹಿಡಿಯೋಣ್ವಾ, ಬಸ್ಸು ಬೇಗ ಹೋಗುತ್ತಾ?" ಎಂದು ನಡೆಯುತ್ತಲೇ ಕೇಳಿದಳು. ನಾನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಎಲ್ಲ ಹೇಳಿದೆ. ಚೀಟಿ, ನಳಿಗೆ, ಅಕ್ಕ ಐದು ಗಂಟೆಗೂ ಮಿಕ್ಕಿ ಹೋರಾಡಿದ್ದು, ಹನ್ನೊಂದು ನಲವತ್ತು, ನನ್ನ ಸುಳ್ಳು, ಎಲ್ಲವನ್ನೂ.

ಅವಳು ಅಳಲಿಲ್ಲ. "ಸುಟ್ಟಿದ್ದು ಎಷ್ಟು ಗಂಟೆಗೆ?" ಅಂದಳು.

"ಹತ್ತಕ್ಕೆ."

"ಹತ್ತಕ್ಕೆ ನಾನು ಮರುಭೂಮಿ ಮೇಲಿದ್ದೆ. ಎದುರಿಗಿನ ಪರದೇಲಿ ಇನ್ನು ನಾಲ್ಕು ಸಾವಿರದ ಇನ್ನೂರು ಕಿಲೋಮೀಟರ್ ಅಂತಿತ್ತು. ಊಟ ತಂದ್ರು. ಬೇಡ ಅನ್ನೋಣ ಅಂತಿದ್ದೆ. ಆಮೇಲೆ ರಾತ್ರಿಯೆಲ್ಲ ಅಮ್ಮನ ಹತ್ರ ಕೂರ್ಬೇಕಲ್ಲ, ಶಕ್ತಿ ಬೇಕು ಅಂತ ಪೂರ್ತಿ ತಿಂದೆ. ಪಕ್ಕದವನು ಬಿಟ್ಟ ಬ್ರೆಡ್ಡನ್ನೂ ಇಸ್ಕೊಂಡು ತಿಂದೆ."

ಆಮೇಲೆ ಚೀಲ ಎತ್ತಿಕೊಂಡು ಹೋಗಿ ಬಟ್ಟೆ ಬದಲಾಯಿಸಿ ಬಂದಳು. ಹಸಿರು ಅಂಗಿ ಹಾಕಿದ್ದಳು. ವಾಪಸ್ ಟಿಕೆಟ್ ಇವತ್ತಿಗೇ ಬದಲಾಯಿಸಿಕೊಳ್ಳುತ್ತೇನೆ ಅಂದಳು. ಬೂದಿಯ ಜಾಡಿಯನ್ನಾದರೂ ನೋಡಿ ಹೋಗು ಎಂದು ನಾನು ಅಂಗಲಾಚಿದೆ.

"ಅಣ್ಣ ಕೇಳಿದ್ರೆ ನಾನು ಬರ್ಲೇ ಇಲ್ಲ ಅನ್ನು. ವಿಮಾನಾನೇ ಹತ್ಲಿಲ್ಲ ಅನ್ನು."

"ಯಾಕೇ? ಅವನಿಗೆ ಬೇಕಾಗಿದ್ದೂ ಅದೇ ಅಲ್ವಾ?"

"ನಾನು ಬಂದೆ ಅಂತ ಗೊತ್ತಾದ್ರೆ ಅವನು ಗೆದ್ದ ಹಾಗೆ. ಬರೋಳೇ ಇರ್ಲಿಲ್ಲ ಅಂದ್ರೆ, ಅಮ್ಮನ್ನ ಸುಮ್ಮನೆ ಕೊಂದ ಹಾಗೆ."

ಕೈಚೀಲ ಹೆಗಲಿಗೇರಿಸಿ ಅವಳು ಟಿಕೆಟ್ ಕೌಂಟರಿನ ಸಾಲಿಗೆ ಹೋಗಿ ನಿಂತಳು. ಅವಳ ಮುಂದೆ ಆರೇಳು ಜನ ಇದ್ದರು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು, ಇನ್‌ಗ್ಯು.

"ಎಲ್ಲಿದ್ದೀರಿ ಚಿಕ್ಕಮ್ಮ? ನಾವೆಲ್ಲ ಊಟಕ್ಕೆ ಕೂತಿದ್ದೀವಿ. ಬಂದ್ಲಾ?"

ನಾನು ಸಾಲಿನಲ್ಲಿದ್ದ ಹಸಿರು ಅಂಗಿಯನ್ನು ನೋಡಿದೆ.

"ಇಲ್ಲ. ಬರ್ಲಿಲ್ಲ."

"ವಿಮಾನ ತಡಾನಾ?"

"ವಿಮಾನ ಬಂತು. ಅವಳು ಹತ್ತೇ ಇಲ್ವಂತೆ. ಸೋಮವಾರಾನೇ ಬೇಡ ಅಂತ ತೀರ್ಮಾನ ಮಾಡಿದ್ಲಂತೆ, ನಮಗೆ ಹೇಳೋಕೆ ಮುಖ ಇರ್ಲಿಲ್ವಂತೆ."

ಸೋಮವಾರದ ಮಾತನ್ನು ಸೇರಿಸಿದ್ದು ನಾನೇ. ಅವಳು ಹೇಳಿಕೊಟ್ಟಿರಲಿಲ್ಲ. ಆ ಕಡೆ ಚಮಚದ ಸದ್ದು, ಯಾರೋ ನಗುವುದು ಕೇಳಿಸುತ್ತಿತ್ತು.

"ಸೋಮವಾರಾನಾ?" ಅಂದ. "ನಾನು ನಳಿಗೆ ತೆಗೆಸೋಕೆ ಮುಂಚೇನಾ?"

"ಮುಂಚೇನೇ" ಅಂದೆ. ಅವನು ಇನ್ನೊಂದು ಸಲ ಅದನ್ನೇ ಕೇಳಿದ, ನಾನೂ ಇನ್ನೊಂದು ಸಲ ಅದನ್ನೇ ಹೇಳಿದೆ.